ನೆಲಕ್ಕಂಟಿದ ಕಾರು, 720 ಕಿಲೋಮೀಟರ್ ದಾರಿ: ಹುಬ್ಬಳ್ಳಿಯಿಂದ ರೇಸ್ ಟ್ರ್ಯಾಕಿಗೆ ಒಯ್ಯುವುದು ಹೇಗೆ?

ಹುಬ್ಬಳ್ಳಿ ಬೈಪಾಸಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಹೊರಟರೆ, ಬೆಂಗಳೂರನ್ನು ಸುತ್ತಿ ಹೋಗುವ ತುಣುಕೊಂದನ್ನು ಬಿಟ್ಟು, ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ ಟ್ರ್ಯಾಕಿನ ಆಸುಪಾಸಿನವರೆಗೂ ಹೆದ್ದಾರಿಯ ಸಂಖ್ಯೆ ಬದಲಾಗುವುದಿಲ್ಲ. ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು, ಕೃಷ್ಣಗಿರಿ, ವೆಲ್ಲೂರು, ಎಲ್ಲವೂ ರಾಷ್ಟ್ರೀಯ ಹೆದ್ದಾರಿ 48ರ ಮೇಲೆಯೇ. ದೂರ ಸುಮಾರು 720 ಕಿಲೋಮೀಟರ್. ದಾರಿ ತಪ್ಪುವ ಭಯವಿಲ್ಲ. ತಪ್ಪುವುದು ಲೆಕ್ಕ.

ಈಚೆಗೆ ಮೂವರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು: ಕಾರನ್ನು ಟ್ರ್ಯಾಕಿಗೆ ಒಯ್ಯುವುದು ಹೇಗೆ? ಗದಗದ ಗೆಳೆಯರೊಬ್ಬರ ಬಳಿ ತಗ್ಗಿಸಿದ ಹಳೆಯ ಸೆಡಾನ್ ಇದೆ, ಒಳಗೆ ರೋಲ್ ಕೇಜ್ (ಕಾರು ಪಲ್ಟಿಯಾದರೆ ಕಾಯುವ ಕೊಳವೆಗಳ ಚೌಕಟ್ಟು) ಕೂಡ ಬೆಸೆದಾಗಿದೆ. ವರ್ಷಕ್ಕೆ ನಾಲ್ಕೈದು ಸಲ ಟ್ರ್ಯಾಕಿಗೆ ಇಳಿಯುವ ಆಸೆ. ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೊಬ್ಬರದು ದಿನನಿತ್ಯ ಓಡಿಸುವ ಹ್ಯಾಚ್‌ಬ್ಯಾಕ್. ವರ್ಷಕ್ಕೊಮ್ಮೆ ಮನಸ್ಸು ತಣಿಯುವಷ್ಟು ಓಡಿಸಿ ಬಂದರೆ ಸಾಕು. ಮೂರನೆಯವರು ಹುಬ್ಬಳ್ಳಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಅವರು ತಾವೇ ಕಟ್ಟಿದ ಒಂಟಿ ಆಸನದ ಫಾರ್ಮುಲಾ ಕಾರನ್ನು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಒಯ್ಯಬೇಕು, ಕೈಯಲ್ಲಿ ಕಾಸಿಲ್ಲ. ಮೂವರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಆದರೆ ಅಳೆಯುವ ಕೋಲು ಮೂವರಿಗೂ ಒಂದೇ.

ಮೊದಲ ಅಳತೆ: ಕಾರು ಕೆಟ್ಟರೆ ಮನೆಗೆ ಹೇಗೆ ಬರುತ್ತದೆ? ಹೋಗುವ ದಾರಿಯ ಖರ್ಚನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಭಾನುವಾರ ಸಂಜೆ ಗೇರ್‌ಬಾಕ್ಸ್ ಒಡೆದುಕೊಂಡು ಪರರಾಜ್ಯದಲ್ಲಿ ನಿಂತಾಗ ಮಾತ್ರ ಬರುವ ದಾರಿಯ ಬೆಲೆ ತಿಳಿಯುತ್ತದೆ, ಆ ಹೊತ್ತಿಗೆ ಚೌಕಾಶಿಯ ಶಕ್ತಿ ನಿಮ್ಮ ಕೈಯಲ್ಲಿರುವುದಿಲ್ಲ. ಎರಡನೆಯದು: ಕಾರಿನ ಅತಿ ತಗ್ಗಿನ ಭಾಗ ನೆಲದಿಂದ ಎಷ್ಟು ಎತ್ತರದಲ್ಲಿದೆ, ಎಂಥ ಇಳಿಜಾರನ್ನು ಅದು ಹತ್ತಬಲ್ಲದು? ಮೂರನೆಯದು: ಮನೆಯಲ್ಲಿ ಮಾಡಿದ ಹೊಂದಾಣಿಕೆ, ಅಂದರೆ ಎತ್ತರ, ಚಕ್ರದ ಕೋನ, ಮೂಲೆತೂಕ (ಒಂದೊಂದು ಚಕ್ರದ ಮೇಲೆ ಬೀಳುವ ಭಾರ), ಪ್ರಯಾಣ ಮುಗಿದ ಮೇಲೂ ಉಳಿದಿರುತ್ತದೆಯೇ? ಹಣ ನಾಲ್ಕನೆಯದು, ಅದನ್ನು ಒಂದು ಪ್ರಯಾಣದ ಲೆಕ್ಕದಲ್ಲಲ್ಲ, ವರ್ಷದ ಲೆಕ್ಕದಲ್ಲಿ ನೋಡಬೇಕು. ಸಾಗಣೆ ಬೇರೆ, ಹೊಂದಾಣಿಕೆ ಬೇರೆ ಎಂದು ಎರಡು ಚೀಟಿಗಳಲ್ಲಿ ಬರೆದುಕೊಳ್ಳುವವರೇ ಹೆಚ್ಚು. ನನ್ನ ಅನುಭವದಲ್ಲಿ ಅದು ಒಂದೇ ಚೀಟಿ: ಹೇಗೆ ಒಯ್ಯುತ್ತೀರಿ ಎಂಬುದೇ ಕಾರನ್ನು ಎಷ್ಟು ತಗ್ಗಿಸಬಹುದು, ಎಷ್ಟು ಬಿಗಿಗೊಳಿಸಬಹುದು ಎಂಬುದನ್ನು ತೀರ್ಮಾನಿಸುತ್ತದೆ.

ಓಡಿಸಿಕೊಂಡೇ ಹೋಗುವುದು

ಎಲ್ಲಕ್ಕಿಂತ ಅಗ್ಗ. ಹೋಗಿ ಬರಲು 1,440 ಕಿಲೋಮೀಟರ್. ಲೀಟರಿಗೆ 12 ಕಿಲೋಮೀಟರ್ ಕೊಟ್ಟರೆ 120 ಲೀಟರ್, ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ 12 ಸಾವಿರ ರೂಪಾಯಿ. ಟೋಲ್ ಬೇರೆ. ಬಂಕಾಪುರ, ಚಳಗೇರಿ, ಹೆಬ್ಬಾಳು ಎಂದು ಸಾಲಾಗಿ ಬರುತ್ತವೆ.

ಆದರೆ ಷರತ್ತುಗಳಿವೆ. ಕಾರು ರಸ್ತೆಗೆ ಇಳಿಯುವ ಸ್ಥಿತಿಯಲ್ಲಿರಬೇಕು, ಕಾನೂನಿನ ಅರ್ಥದಲ್ಲಿಯೂ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಯನ್ನು ಒಪ್ಪುವುದಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಸೀಟು ಕಿತ್ತು ರೋಲ್ ಕೇಜ್ ಹಾಕಿದ ಕಾರನ್ನು ಹೆದ್ದಾರಿಯಲ್ಲಿ ಓಡಿಸುವುದು ತಪ್ಪು ಮಾತ್ರವಲ್ಲ, ಅಪಾಯ ಕೂಡ. ಹೆಲ್ಮೆಟ್ ಇಲ್ಲದ ತಲೆಗೆ ಆ ಕಬ್ಬಿಣದ ಕೊಳವೆ ಅರ್ಧ ಅಡಿ ದೂರದಲ್ಲಿರುತ್ತದೆ. ಸಣ್ಣದೊಂದು ಗುದ್ದಿಗೂ ಅದು ಪ್ರಾಣ ತೆಗೆಯಬಲ್ಲದು. ಹಾಗಾಗಿ ಗದಗದ ಗೆಳೆಯರ ಸೆಡಾನ್ ಈ ಪಟ್ಟಿಯಿಂದ ಇಲ್ಲಿಯೇ ಹೊರಬಿತ್ತು.

ಇನ್ನು ಹಂಪ್‌ಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ಹಂಪ್ 3.7 ಮೀಟರ್ ಉದ್ದ, 10 ಸೆಂಟಿಮೀಟರ್ ಎತ್ತರ ಇರಬೇಕು. ಅಷ್ಟು ಉದ್ದವಿದ್ದರೆ ತಗ್ಗಿನ ಕಾರೂ ಅದನ್ನು ನಿಧಾನವಾಗಿ ದಾಟುತ್ತದೆ. ನಮ್ಮ ಊರುಗಳ ಹಂಪ್‌ಗಳು ಮಾನದಂಡ ಓದಿ ಹುಟ್ಟಿದವಲ್ಲ. ಅಪಘಾತವಾದ ಮರುದಿನ ಊರವರ ಸಿಟ್ಟಿನಿಂದ ಹುಟ್ಟಿದವು. ಹೆದ್ದಾರಿಗಿಂತ ಕಾಮಗಾರಿಯ ಜಾಗಗಳಲ್ಲಿ ಸರ್ವಿಸ್ ರಸ್ತೆಗೆ ಇಳಿಸುವ ತಿರುವುಗಳಲ್ಲಿಯೇ ಹೊಟ್ಟೆ ತರಚುವುದು ಹೆಚ್ಚು.

ಓಡಿಸಿಕೊಂಡು ಹೋಗುವ ಕಾರನ್ನು ಆದ್ದರಿಂದ ನೆಲದಿಂದ 13–14 ಸೆಂಟಿಮೀಟರಿಗಿಂತ ಕೆಳಗೆ ಇಳಿಸಬೇಡಿ. ಟ್ರ್ಯಾಕಿನಲ್ಲಿ ಒಂದೆರಡು ಸೆಕೆಂಡು ಹೋಗುತ್ತದೆ, ಹೋಗಲಿ. ಬ್ರೇಕ್ ಪ್ಯಾಡ್ ಮತ್ತು ಬ್ರೇಕ್ ದ್ರವವನ್ನು ಹೊಸದಾಗಿ ಹಾಕಿಸಿಕೊಂಡು, ಹಿಂದಿನ ಸೀಟು ಮಡಚಿ ಇನ್ನೊಂದು ಜೊತೆ ಚಕ್ರಗಳನ್ನು ಹೇರಿಕೊಂಡು ಹೋದರೆ ರಾಣೆಬೆನ್ನೂರಿನವರ ಕೆಲಸ ಮುಗಿಯಿತು. ಅವರಿಗೆ ನಾನು ಕೊಡುವ ಬುದ್ಧಿಮಾತು ಒಂದೇ: ಕೊನೆಯ ಸುತ್ತಿನ ಮೊದಲಿನ ಸುತ್ತಿಗೆ ನಿಲ್ಲಿಸಿ. ಆ ಕಾರಿನಲ್ಲೇ ನೀವು ಮನೆಗೆ ಬರಬೇಕು.

ವಿಮೆಯ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಸಂಘಟಿತ ರೇಸು, ವೇಗಪರೀಕ್ಷೆಗಳಲ್ಲಿ ಆದ ಹಾನಿಯನ್ನು ಖಾಸಗಿ ಕಾರಿನ ಸಾಮಾನ್ಯ ಪಾಲಿಸಿ ಹೊರಗಿಡುತ್ತದೆ. ಆದರೆ ಅದೇ ಸಮಗ್ರ ಪಾಲಿಸಿ ಕಾರು ರಸ್ತೆ ಅಥವಾ ರೈಲಿನ ಮೂಲಕ ಸಾಗಿಸಲ್ಪಡುವಾಗ ಆಗುವ ಹಾನಿಯನ್ನು ಒಳಗೊಳ್ಳುತ್ತದೆ. ಇದು ಬಹಳ ಮಂದಿಗೆ ಗೊತ್ತಿಲ್ಲ. ನೋಂದಣಿ, ಪಾಲಿಸಿ ಎರಡೂ ಜೀವಂತವಿರುವ ಕಾರನ್ನು ಲಾರಿಯಲ್ಲಿ ಒಯ್ಯುವಾಗ ಅದು ನಿಮಗೆ ಬಲ. ನೋಂದಣಿಯೇ ಇಲ್ಲದ ಫಾರ್ಮುಲಾ ಕಾರಿಗೆ ಈ ಬಲವಿಲ್ಲ. ಅದಕ್ಕೆ ಸರಕು ಸಾಗಣೆಯ ವಿಮೆಯನ್ನೇ ಪ್ರತ್ಯೇಕವಾಗಿ ಮಾಡಿಸಬೇಕು.

ಸ್ವಂತ ಟ್ರೇಲರ್

ಹವ್ಯಾಸ ತಲೆಗೇರಿದವರೆಲ್ಲ ಕನಸು ಕಾಣುವುದು ಇದನ್ನೇ. ಬೊಲೆರೊ ಅಥವಾ ಸ್ಕಾರ್ಪಿಯೊ, ಹಿಂದೆ ಎರಡು ಅಚ್ಚಿನ ಟ್ರೇಲರ್, ಅದರ ಮೇಲೆ ಹೊದಿಕೆ ಹೊದ್ದ ಕಾರು. ಫೋಟೊಗೆ ಚೆಂದ. ನಮ್ಮ ಕಡೆ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಕಾರ್ಖಾನೆಗಳಿಗೂ ಬರವಿಲ್ಲ, ಕೇಳಿದರೆ "ಎಷ್ಟು ಟನ್ನಿಂದು ಬೇಕು ಹೇಳಿ" ಎನ್ನುತ್ತಾರೆ.

ತೊಂದರೆ ಇರುವುದು ಆ ಮಾತಿನಲ್ಲೇ. ಟ್ರ್ಯಾಕ್ಟರಿನ ಟ್ರೇಲರಿಗೆ ಹಾಕುವ ಪಟ್ಟಾ ಸ್ಪ್ರಿಂಗ್ ಹಲವು ಟನ್ ಕಬ್ಬು ಹೊರಲು ಮಾಡಿದ್ದು, ಹೋಗುವ ವೇಗವೂ ಸೈಕಲ್ಲಿನದು. ಒಂದು ಟನ್ನಿನೊಳಗಿನ ಕಾರನ್ನು ಅದರ ಮೇಲಿಟ್ಟು 60 ಕಿಲೋಮೀಟರ್ ವೇಗದಲ್ಲಿ ಎಳೆದರೆ ಸ್ಪ್ರಿಂಗ್ ಬಾಗುವುದೇ ಇಲ್ಲ; ಪ್ರತಿ ಗುಂಡಿಯ ಏಟೂ ನೇರ ಕಾರಿಗೆ ಬೀಳುತ್ತದೆ. ಕಟ್ಟಿಸುವುದಾದರೆ ಹೊರುವ ಭಾರವನ್ನು ಸರಿಯಾಗಿ ಹೇಳಿ: ಕಾರು 950 ಕಿಲೋ, ಟ್ರೇಲರ್ 500 ಕಿಲೋ, ಒಟ್ಟು 1,450. ಅದರ 10ರಿಂದ 15 ಶೇಕಡಾ, ಅಂದರೆ 145ರಿಂದ 215 ಕಿಲೋ ಭಾರ, ಎಳೆಯುವ ಗಾಡಿಯ ಕೊಂಡಿಯ ಮೇಲೆ ಬೀಳುವಂತೆ ಕಾರನ್ನು ಮುಂದೆ ಹಿಂದೆ ಸರಿಸಿ ನಿಲ್ಲಿಸಬೇಕು. ಭಾರ ಹಿಂದಕ್ಕೆ ಹೋದರೆ ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ಒಮ್ಮೆ ಶುರುವಾದರೆ ಬ್ರೇಕ್ ಒತ್ತುವುದರಿಂದ ಅದು ಹೆಚ್ಚುತ್ತದೆಯೇ ವಿನಾ ತಗ್ಗುವುದಿಲ್ಲ. ಎಕ್ಸಿಲರೇಟರ್‌ನಿಂದ ಕಾಲು ತೆಗೆದು ಸ್ಟಿಯರಿಂಗ್ ನೇರವಾಗಿ ಹಿಡಿದು ಕಾಯಬೇಕು.

ಬ್ರೇಕ್ ಇಲ್ಲದ ಟ್ರೇಲರನ್ನು ಚೆನ್ನೈ ದಾರಿಯಲ್ಲಿ ಹೇಗೋ ನಿಭಾಯಿಸಬಹುದು. ಕೊಯಮತ್ತೂರಿಗೆ ಸೇಲಂ ಮೇಲೆ ಹೋಗುವವರು ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಟ್ಟ ಇಳಿಯಬೇಕು. ಲಾರಿಗಳೇ ಬ್ರೇಕ್ ಸೋತು ಸಾಲಾಗಿ ಗುದ್ದಿಕೊಂಡಿರುವ ಇಳಿಜಾರು ಅದು. ಅಲ್ಲಿ ಒಂದೂವರೆ ಟನ್ ಹಿಂದಿನಿಂದ ತಳ್ಳುತ್ತಿರುವಾಗ ನಾನು ಸ್ಟಿಯರಿಂಗ್ ಹಿಡಿಯಲಾರೆ. ಬ್ರೇಕ್ ಸಹಿತ ಅಚ್ಚು ಬೇಕೇ ಬೇಕು. ಟ್ರೇಲರಿಗೂ ನೋಂದಣಿ ಬೇಕು, ಹಿಂದಿನ ದೀಪಗಳು ಉರಿಯಬೇಕು. ಸರಪಳಿ ಕಟ್ಟಿ ಎಳೆದೊಯ್ಯುವ ಯೋಚನೆಯನ್ನಂತೂ ಬಿಡಿ, ಅದು ಕೆಟ್ಟು ನಿಂತ ವಾಹನವನ್ನು ಹತ್ತಿರದ ಗ್ಯಾರೇಜಿಗೆ ಮುಟ್ಟಿಸಲು ಇರುವ ಉಪಾಯ.

ಇಷ್ಟೆಲ್ಲ ಮಾಡಿದರೆ ಸಿಗುವುದೇನು? ಸ್ವಾತಂತ್ರ್ಯ. ಕಾರು ಕೆಟ್ಟರೂ ಸರಿ, ನಿಮ್ಮ ಹೊತ್ತಿಗೆ ಹೊರಡುತ್ತೀರಿ. ಹೊಂದಾಣಿಕೆ ನಿಮ್ಮ ಕಣ್ಣೆದುರಿಗೇ ಇರುತ್ತದೆ.

ಹೈಡ್ರಾಲಿಕ್ ಹಾಸಿನ ಗಾಡಿ

ಕೆಟ್ಟ ಕಾರು ಹೊರುವ, ಹಾಸು ಜಾರಿ ನೆಲಕ್ಕೆ ಬಾಗುವ ಗಾಡಿ. ಒಬ್ಬರೇ ಇದ್ದರೂ ಹೇರಬಹುದು, ವಿಂಚ್ ಎಳೆಯುತ್ತದೆ. ಬಾಡಿಗೆ ಎರಡೂ ಕಡೆಗೆ ಕಟ್ಟಬೇಕು. ದರವನ್ನು ಊರಲ್ಲಿ ಮೂರು ಕಡೆ ಕೇಳಿ. ಲೆಕ್ಕಕ್ಕೆ ಕಿಲೋಮೀಟರಿಗೆ 30 ರೂಪಾಯಿ ಎಂದು ಹಿಡಿದರೆ 43,200 ಆಯಿತು, ಜೊತೆಗೆ ಅಲ್ಲಿ ಎರಡು ದಿನ ಕಾಯುವ ಭತ್ಯೆ. ಟ್ರೇಲರ್ ಎಳೆಯುವ ಬೊಲೆರೊ ಲೀಟರಿಗೆ 8 ಕಿಲೋಮೀಟರ್ ಕೊಟ್ಟರೆ 180 ಲೀಟರ್ ಡೀಸೆಲ್, ಲೀಟರಿಗೆ 90ರಂತೆ 16,200. ಒಂದು ಪ್ರಯಾಣಕ್ಕೆ 27 ಸಾವಿರದ ಅಂತರ. ಟ್ರೇಲರಿಗೆ ಎರಡು ಲಕ್ಷ ಬಿದ್ದರೆ ಏಳೆಂಟು ಪ್ರಯಾಣಕ್ಕೆ ಅದರ ಹಣ ಹುಟ್ಟುತ್ತದೆ. ಎಳೆಯುವ ಗಾಡಿ ಮನೆಯಲ್ಲಿ ಮೊದಲೇ ಇದ್ದರೆ ಮಾತ್ರ ಈ ಲೆಕ್ಕ. ಅದಕ್ಕಾಗಿಯೇ ಸ್ಕಾರ್ಪಿಯೊ ಕೊಳ್ಳುವವರಿಗೆ ಲೆಕ್ಕ ಬೇಕಾಗಿಯೇ ಇಲ್ಲ.

ಈ ಗಾಡಿಯವರ ವಿಷಯದಲ್ಲಿ ಒಂದು ಎಚ್ಚರ. ನನ್ನ ಕಾರನ್ನು ಒಮ್ಮೆ ಹೀಗೆ ಕಳಿಸಿದಾಗ ಗಾಡಿಯ ಹುಡುಗ ಕೊಕ್ಕೆಯನ್ನು ಮುಂಚಕ್ರವನ್ನು ಹಿಡಿದಿರುವ ಸಸ್ಪೆನ್ಶನ್ನಿನ ಕೆಳತೋಳಿಗೆ ಸಿಕ್ಕಿಸಿ ಬಿಗಿದಿದ್ದ. ದಾರಿಯುದ್ದಕ್ಕೂ ಕಾರು ಆ ತೋಳಿನಿಂದಲೇ ಜಗ್ಗಿಕೊಂಡು ಹೋಗಿತ್ತು. ಟ್ರ್ಯಾಕಿನಲ್ಲಿ ಇಳಿಸಿ ನೇರ ಓಡಿಸಿದರೆ ಸ್ಟಿಯರಿಂಗ್ ಎಡಕ್ಕೆ ವಾಲಿತ್ತು. ಎರಡು ಸಂಜೆ ನೂಲು ಕಟ್ಟಿ ಸರಿಮಾಡಿದ ಟೋ, ಅಂದರೆ ಚಕ್ರಗಳ ಮುಖ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ಮಣ್ಣುಪಾಲು. ಅವನ ತಪ್ಪೆಂದು ನಾನು ಹೇಳಲಾರೆ. ಅವನು ದಿನವೂ ಹೊರುವುದು ಗುದ್ದಿಸಿಕೊಂಡ ಕಾರುಗಳನ್ನು, ಅವುಗಳ ಟೋ ಕೇಳುವವರಾರು? ಈಗ ನಾನೇ ನಾಲ್ಕು ಚಕ್ರಪಟ್ಟಿಗಳನ್ನು ಕೊಟ್ಟು ಕಳಿಸುತ್ತೇನೆ: 50 ಮಿಲಿಮೀಟರ್ ಅಗಲದ, ಟೈರಿನ ಮೇಲೆ ಹಾಯ್ದು ಗಾಡಿಯ ಹಾಸಿನೊಂದಿಗೆ ಬಿಗಿಯುವ ರ‍್ಯಾಚೆಟ್ ಪಟ್ಟಿಗಳು. ಚಕ್ರ ಅಲುಗುವುದಿಲ್ಲ, ಮೈ ಸಸ್ಪೆನ್ಶನ್ ಮೇಲೆ ತನ್ನಷ್ಟಕ್ಕೆ ಆಡುತ್ತದೆ, ತೋಳಿಗೆ ಕೈ ತಾಗುವುದಿಲ್ಲ. ಹೊರಟು 15–20 ಕಿಲೋಮೀಟರಿಗೆ, ನಮ್ಮ ಕಡೆಯವರಾದರೆ ವರೂರು ದಾಟಿದ ಮೇಲೆ, ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯಬೇಕು. ಪಟ್ಟಿ ಸಡಿಲಾಗುವುದು ಮೊದಲ ಅರ್ಧ ಗಂಟೆಯಲ್ಲೇ.

ಕ್ಯಾಂಟರ್

ಸಾಗಣೆಯ ವಿಷಯದಲ್ಲಿ ನಮ್ಮದು ಬಡ ಊರಲ್ಲ. ವಿಆರ್‌ಎಲ್ ಸಂಸ್ಥೆ 1976ರಲ್ಲಿ ಗದಗದಲ್ಲಿ ಹುಟ್ಟಿದ್ದು, ಇವತ್ತು ಅದರ ಕೇಂದ್ರ ಇರುವುದು ಹುಬ್ಬಳ್ಳಿ ಹೊರವಲಯದ ವರೂರಿನಲ್ಲಿ. ಅಂಥ ದೊಡ್ಡವರ ಮಾತು ಬಿಡಿ, ಒಂದೆರಡು ಲಾರಿ ಇಟ್ಟುಕೊಂಡವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ಇಲ್ಲಿಂದ ಚೆನ್ನೈಗೆ ಸರಕು ಇಳಿಸಿ ಖಾಲಿ ಬರುವ ಲಾರಿಯ ಮರುಹೊರೆಯಾಗಿ ನಿಮ್ಮ ಕಾರು ಬಂದರೆ ಬಾಡಿಗೆ ಅರ್ಧಕ್ಕಿಳಿಯುತ್ತದೆ. ಆದರೆ ಆ ದಿನ, ಆ ಹೊತ್ತು ನಿಮ್ಮದಲ್ಲ.

14 ಅಡಿಯ ಡಬ್ಬಿ ಎಂದರೆ ಸುಮಾರು 4.25 ಮೀಟರ್, ಸ್ವಿಫ್ಟ್, ಪೋಲೊದಂಥ ಹ್ಯಾಚ್‌ಬ್ಯಾಕ್ ಹಿಡಿಯುತ್ತದೆ. ಸೆಡಾನಿಗೆ 17 ಅಡಿಯದೇ ಬೇಕು. ಅಗಲವನ್ನೂ ಅಳೆಯಿರಿ. ಒಳಗೆ ನಿಲ್ಲಿಸಿದ ಮೇಲೆ ಬಾಗಿಲು ತೆರೆಯಲು ಜಾಗವಿಲ್ಲದೆ ಕಿಟಕಿಯಿಂದ ಹೊರಬಂದವನು ನಾನು. ಒಮ್ಮೆ ಬ್ಯಾಡಗಿ ಮೆಣಸಿನಕಾಯಿ ಇಳಿಸಿ ಬಂದ ಲಾರಿ ಸಿಕ್ಕಿತು. ಗುಡಿಸಿದ್ದೇವೆ ಎಂದರು, ಗುಡಿಸಿಯೂ ಇದ್ದರು. ಟ್ರ್ಯಾಕಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಗಾಳಿಯ ಫ್ಯಾನ್ ಹಾಕಿದ ಕ್ಷಣ ಗೊತ್ತಾಯಿತು. ಆ ದಿನದ ನನ್ನ ಮೊದಲ ಸುತ್ತು ಸೀನಿನಲ್ಲೇ ಕಳೆಯಿತು. ತಾಡಪತ್ರಿ ನಿಮ್ಮದೇ ಒಯ್ಯಿರಿ, ಕಾರಿಗೂ ಹೊದಿಸಿ.

ಕ್ಯಾಂಟರಿನ ದೊಡ್ಡ ಸಮಸ್ಯೆ ಹೇರುವುದು. ಹಾಸಿನ ಎತ್ತರ ಸುಮಾರು ಒಂದು ಮೀಟರ್. ಇಲ್ಲಿ ಗಣಿತಕ್ಕೆ ಇಳಿಯಲೇಬೇಕು, ಏಕೆಂದರೆ ಕಾರಿನ ಮುಂತುಟಿಗಳು, ಅಂದರೆ ಮುಂದಿನ ಬಂಪರಿನ ಕೆಳ ಅಂಚುಗಳು, ಮುರಿಯುವುದು ಟ್ರ್ಯಾಕಿಗಿಂತ ಹೆಚ್ಚಾಗಿ ಹೇರಲು ಒರಗಿಸಿದ ಹಲಗೆಯ ಮೇಲೆ.

ಹಲಗೆಯ ಲೆಕ್ಕ

ಮುಂಚಕ್ರ ನೆಲಕ್ಕೆ ತಾಗುವ ಬಿಂದುವಿನಿಂದ ಕಾರಿನ ಮುಂತುಟಿಯವರೆಗಿನ ದೂರ ಅಳೆಯಿರಿ. 75 ಸೆಂಟಿಮೀಟರ್ ಎನ್ನೋಣ. ತುಟಿ ನೆಲದಿಂದ 11 ಸೆಂಟಿಮೀಟರ್. 75ನ್ನು 11ರಿಂದ ಭಾಗಿಸಿದರೆ 6.8. ಅಂದರೆ ಒಂದು ಅಡಿ ಏರಲು ಸುಮಾರು ಏಳು ಅಡಿ ಉದ್ದದ ಇಳಿಜಾರು ಬೇಕು, ಕೋನದಲ್ಲಿ ಎಂಟು ಡಿಗ್ರಿ ಚಿಲ್ಲರೆ. ಹಲಗೆಯ ಬುಡವನ್ನು ದಾಟಿದ ಮೇಲೆ ತುದಿ ಇದೆ, ಅಲ್ಲಿ ಹೊಟ್ಟೆ ಕೂರುತ್ತದೆ. ಚಕ್ರಾಂತರ (ಮುಂಚಕ್ರ, ಹಿಂಚಕ್ರಗಳ ನಡುವಿನ ದೂರ) 2.4 ಮೀಟರ್, ನಡುವಿನಲ್ಲಿ ಹೊಟ್ಟೆ 9 ಸೆಂಟಿಮೀಟರ್ ಎತ್ತರದಲ್ಲಿದ್ದರೆ ತುದಿಯ ಮುರಿವು, ಅಂದರೆ ಹಲಗೆಗೂ ಗಾಡಿಯ ಹಾಸಿಗೂ ನಡುವಿನ ಕೋನ, ಎಂಟೂವರೆ ಡಿಗ್ರಿ ಮೀರಬಾರದು. ಎರಡೂ ಹತ್ತಿರ ಹತ್ತಿರವೇ ಬಂತು.

ಈಗ ಹೋಲಿಸಿ. 60 ಸೆಂಟಿಮೀಟರ್ ಎತ್ತರದ ಟ್ರೇಲರಿಗೆ ಸಾಮಾನ್ಯವಾಗಿ ಕೊಡುವ ಎರಡು ಮೀಟರ್ ಹಲಗೆಯ ಕೋನ 17 ಡಿಗ್ರಿ, ಬೇಕಾದದ್ದರ ಎರಡರಷ್ಟು. ನಮ್ಮ ಕಾರಿಗೆ ನಾಲ್ಕು ಮೀಟರಿಗೂ ಉದ್ದದ ಹಲಗೆ ಬೇಕು. ಕ್ಯಾಂಟರಿಗಾದರೆ ಏಳು ಮೀಟರ್. ಅಂಥ ಹಲಗೆಯನ್ನು ಹೊರಲು ಇನ್ನೊಂದು ಕ್ಯಾಂಟರ್ ಬೇಕು. ಆದ್ದರಿಂದ ಎತ್ತರವನ್ನು ತಗ್ಗಿಸುವುದೇ ಜಾಣತನ. ಹಳ್ಳಿಗಳಲ್ಲಿ ಟ್ರ್ಯಾಕ್ಟರ್ ಹೇರುವಾಗ ಲಾರಿಯನ್ನು ದಿಣ್ಣೆಗೆ ಹಿಂದಕ್ಕೆ ತಂದು ನಿಲ್ಲಿಸುತ್ತಾರಲ್ಲ, ಅದೇ ಉಪಾಯ. ಲಾರಿಯ ಹಿಂಚಕ್ರ ತಗ್ಗಿನಲ್ಲಿ, ಕಾರು ಏರಿಯ ಮೇಲೆ, ನಡುವೆ ಎರಡು ಗಟ್ಟಿ ಹಲಗೆ. ಆದರೆ ಅಂಥ ದಿಣ್ಣೆ ಟ್ರ್ಯಾಕಿನ ಬಳಿಯೂ ಇರಬೇಕು. ಇಳಿಸುವ ಜಾಗದ ಫೋಟೊ ತರಿಸಿಕೊಳ್ಳದೆ ಕ್ಯಾಂಟರ್ ಗೊತ್ತುಮಾಡಬೇಡಿ. ಹೈಡ್ರಾಲಿಕ್ ಹಾಸಿನ ಗಾಡಿ ಇಲ್ಲಿ ಗೆಲ್ಲುತ್ತದೆ. ಅದರ ಬಾಗು ನಮ್ಮ ಎಂಟು ಡಿಗ್ರಿಗಿಂತ ತುಸು ಹೆಚ್ಚಿದ್ದರೂ, ಹಾಸಿನ ಬುಡಕ್ಕೆ ಒಂದೂವರೆ ಮೀಟರಿನ ಎರಡು ಹಲಗೆ ಚಾಚಿದರೆ ಏರು ಎರಡು ಹಂತದಲ್ಲಿ ಮುರಿದು ತುಟಿ ಉಳಿಯುತ್ತದೆ.

ವಿದ್ಯಾರ್ಥಿಗಳ ಫಾರ್ಮುಲಾ ಕಾರಿಗೆ ಈ ಲೆಕ್ಕ ಹಾಕಿದರೆ ನಗು ಬರುತ್ತದೆ. ಹೊಟ್ಟೆ ನಾಲ್ಕು ಸೆಂಟಿಮೀಟರ್ ಎತ್ತರದಲ್ಲಿ. ಅದನ್ನು ಉರುಳಿಸಿ ಹೇರಲು ಹದಿನಾಲ್ಕು ಅಡಿಗೆ ಒಂದಡಿಯ ಇಳಿಜಾರು ಬೇಕು. ಉರುಳಿಸುವ ಯೋಚನೆಯೇ ತಪ್ಪು. ಮೂತಿಯನ್ನು ಬಿಚ್ಚಿ, ಎಂಟು ಜನ ಚೌಕಟ್ಟಿಗೆ ಕೈಹಾಕಿ ಎತ್ತಿ ಇಡುವುದು, ಇಲ್ಲವೇ ವರ್ಕ್‌ಶಾಪಿನ ಚೈನ್ ಪುಲ್ಲಿಯಿಂದ ಎತ್ತಿ ಕೆಳಗೆ ಗಾಡಿ ಸರಿಸುವುದು. ತಂಡ ದೊಡ್ಡದು, ಕಾರು ಹಗುರ, ಸಮಯ ಧಾರಾಳ: ಅವರಿಗೆ 14 ಅಡಿಯ ಕ್ಯಾಂಟರಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಸಾಮಾನು, ಜ್ಯಾಕು, ಟೂಲ್ ಪೆಟ್ಟಿಗೆ ಎಲ್ಲವೂ ಅದರಲ್ಲೇ ಹಿಡಿಯುತ್ತವೆ.

ಕಾರನ್ನು ಅಲ್ಲೇ ಬಿಡುವುದು

ಚೆನ್ನೈ ಅಥವಾ ಕೊಯಮತ್ತೂರಿನ ರೇಸ್ ಗ್ಯಾರೇಜೊಂದರಲ್ಲಿ ಕಾರನ್ನು ಇಟ್ಟು, ನೀವು ಬ್ಯಾಗು ಹಿಡಿದು ರೈಲು ಹತ್ತುವುದು. ವರ್ಷಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಹೋಗುವವರಿಗೆ ತಿಂಗಳ ಬಾಡಿಗೆ ಸಾಗಣೆಗಿಂತ ಕಡಿಮೆಯೇ ಆಗಬಹುದು. ಅಲ್ಲಿನ ಮೆಕ್ಯಾನಿಕ್ ಆ ಟ್ರ್ಯಾಕಿನ ಪ್ರತಿ ತಿರುವನ್ನೂ ಬಲ್ಲವನು, ಹೊಂದಾಣಿಕೆ ಅವನ ಕೈಯಲ್ಲಿ ಸುಭದ್ರ. ಕಳೆದುಕೊಳ್ಳುವುದು ಸಂಜೆಗಳನ್ನು. ಶೆಡ್ಡಿನಲ್ಲಿ ಕೈ ಕಪ್ಪು ಮಾಡಿಕೊಳ್ಳುವುದೇ ನಿಮ್ಮ ಹವ್ಯಾಸದ ಅರ್ಧ ಪಾಲಾಗಿದ್ದರೆ ಇದು ನಿಮಗಲ್ಲ. ಓಡಿಸುವುದಷ್ಟೇ ಆಸೆಯಾಗಿದ್ದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ: ಕಾರನ್ನೇ ಇಟ್ಟುಕೊಳ್ಳಬೇಡಿ, ಬಾಡಿಗೆಗೆ ಕೊಡುವ ತಂಡಗಳಿವೆ. ಎಫ್‌ಎಂಎಸ್‌ಸಿಐ (ದೇಶದ ಮೋಟಾರು ಕ್ರೀಡೆಗಳ ಒಕ್ಕೂಟದ) ಲೈಸೆನ್ಸು, ಹೆಲ್ಮೆಟ್, ಬೆಂಕಿ ತಡೆಯುವ ಉಡುಪು ನಿಮ್ಮದು, ಉಳಿದದ್ದು ಅವರದು. ರೇಸಿಗೆ ಹೊಸಬರಾದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಯಾರೂ ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ.

ಹೊಂದಾಣಿಕೆ: ಮನೆಯೋ, ಅಂಗಡಿಯೋ, ಟ್ರ್ಯಾಕೋ?

ಊರಿನ ಅಲೈನ್‌ಮೆಂಟ್ ಅಂಗಡಿಯ ಕಂಪ್ಯೂಟರಿನಲ್ಲಿ ಇರುವುದು ಕಂಪನಿ ಕೊಟ್ಟ ಅಂಕಿಗಳು. ನಿಮಗೆ ಮುಂಚಕ್ರಕ್ಕೆ ಎರಡೂವರೆ ಡಿಗ್ರಿ ಒಳವಾಲಿದ ಕ್ಯಾಂಬರ್ (ಚಕ್ರದ ಮೇಲಂಚು ವಾಲಿರುವ ಕೋನ) ಬೇಕು ಎಂದರೆ ಪರದೆ ಕೆಂಪಾಗುತ್ತದೆ, ಹುಡುಗ ಗಾಬರಿಯಾಗುತ್ತಾನೆ. ಅಲ್ಲದೆ ತಗ್ಗಿನ ಕಾರು ಅವರ ಕಟ್ಟೆ ಹತ್ತುವುದಿಲ್ಲ, ಮತ್ತೆ ಹಲಗೆ. ಹೆಚ್ಚು ತಗ್ಗಿಸದ ಕಾರಿಗೆ ಅಂಗಡಿ ಸಾಕು. "ಹಸಿರು ಬರದಿದ್ದರೂ ಪರವಾಗಿಲ್ಲ, ಎರಡೂ ಬದಿ ಸಮ ಇರಲಿ" ಎಂದು ಹೇಳಿ ಪಕ್ಕದಲ್ಲೇ ನಿಲ್ಲಿ.

ಮನೆಯಲ್ಲಿ ಮಾಡುವುದಾದರೆ ಮೊದಲ ಶತ್ರು ನೆಲ. ನಮ್ಮದು ಎರೆಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಶೆಡ್ಡಿನ ಕಾಂಕ್ರೀಟು ಅದರೊಂದಿಗೆ ಉಸಿರಾಡುತ್ತದೆ. ಜೂನ್‌ನಲ್ಲಿ ಸಮವಿದ್ದ ನೆಲ ಅಕ್ಟೋಬರಿನಲ್ಲಿ ಸಮವಿರುವುದಿಲ್ಲ. ಆದ್ದರಿಂದ ಪ್ರತಿ ಸಲ ಗೌಂಡಿಗಳ ನೀರಿನ ಪೈಪು ತಂದು ನಾಲ್ಕು ಚಕ್ರ ನಿಲ್ಲುವ ಜಾಗಗಳ ಮಟ್ಟ ನೋಡಬೇಕು. ತಗ್ಗಿದ್ದ ಕಡೆ ಶಹಾಬಾದ್ ಫರಸಿಯ ತುಂಡು, ಅದರ ಮೇಲೆ ತೆಳು ತಗಡು ಕೊಟ್ಟು ಎರಡು ಮಿಲಿಮೀಟರಿನೊಳಗೆ ತರಬಹುದು. ನಯವಾದ ಎರಡು ಟೈಲ್ಸ್ ನಡುವೆ ಗ್ರೀಸ್ ಸವರಿ ಮುಂಚಕ್ರದ ಕೆಳಗಿಟ್ಟರೆ ಚಕ್ರ ಹಗುರವಾಗಿ ತಿರುಗುತ್ತದೆ, ದುಬಾರಿ ತಿರುಗು ತಟ್ಟೆ ಬೇಡ.

ಟೋ ಅಳೆಯಲು ಗೌಂಡಿಯ ನೂಲೇ ಸಾಕು. ಕಾರಿನ ಎರಡೂ ಪಕ್ಕ, ಚಕ್ರದ ನಡುಮಟ್ಟದಲ್ಲಿ, ಒಂದಕ್ಕೊಂದು ಸಮಾಂತರವಾಗಿ ನೂಲು ಕಟ್ಟಿ. ರಿಮ್ಮಿನ ಮುಂದಂಚು, ಹಿಂದಂಚುಗಳಿಂದ ನೂಲಿಗಿರುವ ದೂರದ ವ್ಯತ್ಯಾಸವೇ ಟೋ. ಮುಂಚಕ್ರ ಎಳೆಯುವ ಕಾರಿಗೆ ಮುಂದೆ ಒಟ್ಟು ಒಂದೆರಡು ಮಿಲಿಮೀಟರ್ ಹೊರಮುಖ ಒಳ್ಳೆಯ ಆರಂಭ. ಅಳೆಯುವಾಗ ಚಾಲಕನ ಸೀಟಿನಲ್ಲಿ ಭಾರ ಇರಬೇಕು: ಒಂದು ಸಿಮೆಂಟ್ ಚೀಲ ಸರಿಯಾಗಿ 50 ಕಿಲೋ, ಉಳಿದದ್ದನ್ನು ಮರಳಿನಿಂದ ತುಂಬಿಸಿ. ಜ್ಯಾಕ್ ಇಳಿಸಿದ ಮೇಲೆ ಕಾರನ್ನು ಹಿಂದೆ ಮುಂದೆ ಎರಡು ಸಲ ಉರುಳಿಸದೆ ಯಾವ ಅಂಕಿಯನ್ನೂ ಬರೆಯಬೇಡಿ. ಟೈರುಗಳು ನೆಲ ಕಚ್ಚಿಕೊಂಡು ಸಸ್ಪೆನ್ಶನ್ ಪೂರ್ತಿ ಕೂತಿರುವುದಿಲ್ಲ.

ಮೂಲೆತೂಕಕ್ಕೆ ನಾಲ್ಕು ತೂಕದ ಯಂತ್ರ ಬೇಕು. ಅಮರಗೋಳದ ಎಪಿಎಂಸಿಯಲ್ಲಿ ಪರಿಚಯವಿದ್ದರೆ ಭಾನುವಾರಕ್ಕೆ ಎರವಲು ಸಿಗಬಹುದು. ಸಾಮರ್ಥ್ಯ ನೋಡಿ ತನ್ನಿ. 950 ಕಿಲೋದ ಹ್ಯಾಚ್‌ಬ್ಯಾಕಿನ 62 ಶೇಕಡಾ ಭಾರ ಮುಂದಿದ್ದರೆ ಒಂದೊಂದು ಮುಂಚಕ್ರದಡಿ 294 ಕಿಲೋ; ಚಾಲಕ ಕೂತರೆ 300ರ ಯಂತ್ರ ಕೈಯೆತ್ತುತ್ತದೆ. 500 ಕಿಲೋದ್ದೇ ಬೇಕು. ಲಾರಿ ಕಾಟಾ ಇದಕ್ಕೆ ಬರುವುದಿಲ್ಲ, ಅದು ಐದು ಹತ್ತು ಕಿಲೋಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬಲಮುಂದಿನ ಮತ್ತು ಎಡಹಿಂದಿನ ತೂಕ ಕೂಡಿಸಿ ಒಟ್ಟು ತೂಕದಿಂದ ಭಾಗಿಸಿದರೆ ಅರ್ಧದ ಹತ್ತಿರ ಬರಬೇಕು. ಒಂದು ಮೂಲೆಯ ಸ್ಪ್ರಿಂಗ್ ಕಟ್ಟೆಯನ್ನು ಏರಿಸಿದರೆ ಆ ಮೂಲೆಗೂ ಅದರ ಕರ್ಣದ ಮೂಲೆಗೂ ಭಾರ ಸೇರುತ್ತದೆ. ನಿಮ್ಮ ಸಸ್ಪೆನ್ಶನ್ನಿಗೆ ಎತ್ತರ ಹೊಂದಿಸುವ ತಿರುಪೇ ಇಲ್ಲದಿದ್ದರೆ ಈ ಇಡೀ ಪ್ಯಾರಾ ಮರೆತುಬಿಡಿ. ಬದಲಾಯಿಸಲಾಗದ್ದನ್ನು ತೂಗಿ ನಿದ್ದೆ ಕೆಡಿಸಿಕೊಳ್ಳುವುದೇಕೆ?

ಎಲ್ಲ ಮುಗಿದ ಮೇಲೆ ಪ್ರತಿ ನಟ್ಟು, ಪ್ರತಿ ತಿರುಪಿನ ಮೇಲೆ ಬಣ್ಣದ ಗೆರೆ ಎಳೆಯಿರಿ. ಟ್ರ್ಯಾಕಿನಲ್ಲಿ ಇಳಿಸಿದಾಗ ಗೆರೆ ಕೂಡಿದ್ದರೆ ಹೊಂದಾಣಿಕೆ ಪ್ರಯಾಣ ತಾಳಿದೆ. ಮುರಿದಿದ್ದರೆ ಅಲ್ಲಿಗಷ್ಟೇ ಕೈಹಾಕಿ. ಓಡಿಸಿಕೊಂಡು ಹೋದ ಕಾರಿಗೆ ಈ ಪರೀಕ್ಷೆ ಕಡ್ಡಾಯ, ಹೊತ್ತು ತಂದ ಕಾರಿಗೆ ಹತ್ತು ನಿಮಿಷದ ಕೆಲಸ.

ಊರಲ್ಲಿ ಎಷ್ಟು ಜಾಣರಾದರೂ ಮಾಡಲಾಗದ್ದು ಒಂದಿದೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದಲ್ಲಿದೆ, ಇರುಂಗಾಟ್ಟುಕೋಟೈ ಹೆಚ್ಚುಕಡಿಮೆ ಸಮುದ್ರದ ಮಟ್ಟದಲ್ಲೇ. ಅಲ್ಲಿ ಹೊರಗಿನ ಗಾಳಿಯ ಒತ್ತಡ ಹೆಚ್ಚಿರುವುದರಿಂದ ಇಲ್ಲಿ 28 ತೋರಿದ ಟೈರು ಅಲ್ಲಿ ಒಂದು ಪಿಎಸ್‌ಐ ಕಡಿಮೆ ತೋರುತ್ತದೆ. ಬಿಸಿಲು ಅದನ್ನು ಮತ್ತೆ ಏರಿಸುತ್ತದೆ, ಆರೇಳು ಡಿಗ್ರಿಗೆ ಒಂದರಂತೆ. ಹಾಗಾಗಿ ಟೈರಿನ ಗಾಳಿ ಯಾವಾಗಲೂ ಟ್ರ್ಯಾಕಿನ ಕೆಲಸ. ಕಾರ್ಬ್ಯುರೇಟರ್ ಇರುವ ಹಳೆಯ ಎಂಜಿನ್ನಾದರೆ ಇನ್ನೂ ಎಚ್ಚರ: ಇಲ್ಲಿಯ ತೆಳುಗಾಳಿಗೆ ಸರಿಮಾಡಿದ ಮಿಶ್ರಣ ಅಲ್ಲಿಯ ದಟ್ಟಗಾಳಿಯಲ್ಲಿ ಪೆಟ್ರೋಲ್ ಸಾಲದೆ ಬಡವಾಗುತ್ತದೆ, ಬಡ ಮಿಶ್ರಣ ಪಿಸ್ಟನ್ ಸುಡುತ್ತದೆ. ಒಂದು ಅಳತೆ ದೊಡ್ಡ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ) ಜೇಬಿನಲ್ಲಿರಲಿ.

ಗದಗದ ಗೆಳೆಯರಿಗೆ ಇಷ್ಟನ್ನೂ ಹೇಳಿದೆ. ವರ್ಷಕ್ಕೆ ನಾಲ್ಕೈದು ಪ್ರಯಾಣ, ಮನೆಯಲ್ಲಿ ಬೊಲೆರೊ ಇಲ್ಲ, ಶೆಡ್ಡಿನ ಸಂಜೆಗಳನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಮೊದಲ ವರ್ಷ ಹೈಡ್ರಾಲಿಕ್ ಗಾಡಿ, ಟ್ರೇಲರಿನ ಮಾತು ಆಮೇಲೆ ಎಂದರು. ಸಾಧ್ಯವಾದರೆ ಬೆಳಗಾವಿ ಕಡೆಯ ಇನ್ನೊಬ್ಬರ ಕಾರನ್ನು ಜೊತೆಗೆ ಹೊರಬಲ್ಲ ಎರಡು ಹಾಸಿನ ಗಾಡಿ ಹುಡುಕಿ, ಬಾಡಿಗೆ ಅರ್ಧವಾಗುತ್ತದೆ ಎಂದೆ. ನಿನ್ನೆ ಫೋನ್ ಮಾಡಿದ್ದರು. ತುಟಿ ಅಳೆದಾಗ ಒಂಬತ್ತೂವರೆ ಸೆಂಟಿಮೀಟರ್ ಬಂತಂತೆ, ಹಲಗೆ ಕೊಯ್ಯಿಸಲು ಸಾಮಿಲ್ಲಿನಲ್ಲಿ ನಿಂತಿದ್ದೇನೆ, ದಪ್ಪ ಎಷ್ಟಿರಲಿ ಎಂದು ಕೇಳಿದರು. ಎರಡು ಇಂಚಿಗೆ ಕಡಿಮೆ ಬೇಡ, ಕೆಳತುದಿಯನ್ನು ಚೂಪಾಗಿ ಕೆತ್ತಿಸಿ ಎಂದೆ.